ಕಿವಿಗೆ ಬಿದ್ದ ಮಾತು



ಕವಿಗೆ, ಕತೆಗಾರನಿಗೆ ಬರೆಯುವ ಪ್ರೇರಣೆ ಎಲ್ಲಿಂದ ಸಿಗುತ್ತದೆ ಎಂದು ಕೇಳಿದರೆ ನಮ್ಮಲ್ಲಿ ಬಹಳ ಮಂದಿ ಪ್ರಕೃತಿಯ ಕಡೆ ಕೈ ತೋರಿಸುತ್ತಾರೆ. ಕುವೆಂಪು ಅವರ ಕುಪ್ಪಳಿಯ ಕವಿಶೈಲ, ಬೇಂದ್ರೆಯವರ ಧಾರವಾಡದ ಸಾಧನಕೇರಿ, ಕಾರಂತರ ಕಡಲತೀರ, ತೇಜಸ್ವಿಯವರ ಮೂಡಿಗೆರೆಯ ಕಾಡು. ಅಲ್ಲಿ ಹುಟ್ಟಿದ್ದರೆ ನಾವೂ ಬರೆಯುತ್ತಿದ್ದೆವು ಎಂದು ನಮ್ಮ ಕಡೆಯ ಹುಡುಗರು ಹೇಳುವುದನ್ನು ಕೇಳಿದ್ದೇನೆ. ನಮ್ಮ ಕಡೆ ಎಂದರೆ ಶ್ರೀನಿವಾಸಪುರ ತಾಲ್ಲೂಕಿನ ರಾಯಲ್ಪಾಡು, ಆಂಧ್ರಕ್ಕೆ ತಾಗಿದ, ಕೋಲಾರ ಜಿಲ್ಲೆಯ ಗಡಿ ಹೋಬಳಿ. ಇಲ್ಲಿ ವರ್ಷವಿಡೀ ಹರಿಯುವ ಹೊಳೆ ಇಲ್ಲ. ಬಂಡೆಗುಡ್ಡ, ಹುಣಸೆ ಮರ, ಮಳೆ ಬಂದರೆ ತುಂಬುವ ಕೆರೆ, ಕಣ್ಣು ಹಾಯುವವರೆಗೂ ಮಾವಿನ ತೋಪು. ಸಾವಿರ ಅಡಿ ಕೊರೆದರೂ ನೀರು ಬಾರದೆ, ಮೇಲೊಂದು ಚಪ್ಪಡಿ ಎಳೆದು ಬಿಟ್ಟ ಕೊಳವೆಬಾವಿಗಳು. ನೋಡಲು ಬಂದವರು ಒಂದು ಗಳಿಗೆಯಲ್ಲಿ ನೋಡಿ ಮುಗಿಸಬಹುದಾದ ನೆಲ.

ಆದರೆ ಮಾಸ್ತಿಯವರು ಹುಟ್ಟಿದ್ದು ಈ ಜಿಲ್ಲೆಯಲ್ಲೇ. ಡಿ.ವಿ.ಜಿ. ಹುಟ್ಟಿದ್ದೂ ಇಲ್ಲೇ. ಅವರಿಗಿಂತ ನಾಲ್ಕು ಶತಮಾನ ಹಿಂದೆ ಶ್ರೀಪಾದರಾಜರು ಮುಳಬಾಗಿಲಿನ ನರಸಿಂಹತೀರ್ಥದಲ್ಲಿ ನೆಲೆಸಿ, ದೇವರ ಮುಂದೆ ಕನ್ನಡದಲ್ಲಿ ಹಾಡಿದರು. ಅದರ ಹಿಂದೆಯೇ ಹರಿದಾಸರ ಪರಂಪರೆ ಬೆಳೆದು ನಿಂತಿತು. ಇವರಿಗೆಲ್ಲ ಈ ಒಣನೆಲ ಏನು ಕೊಟ್ಟಿತು ಎಂದು ಯೋಚಿಸಿದಾಗಲೆಲ್ಲ ನನಗೆ ಹೊಳೆಯುವುದು ಒಂದೇ. ನಮ್ಮ ಸೀಮೆಯಲ್ಲಿ ಬರಹಕ್ಕೆ ಬೇಕಾದದ್ದು ಕಣ್ಣಿನಿಂದ ಬಂದದ್ದಕ್ಕಿಂತ ಕಿವಿಯಿಂದ ಬಂದದ್ದೇ ಹೆಚ್ಚು. ಇವತ್ತು ನಿಮ್ಮ ಮುಂದೆ ಆ ಮಾತನ್ನೇ ಬಿಡಿಸಿ ಹೇಳಬೇಕೆಂದಿದ್ದೇನೆ.

ಮುಳಬಾಗಿಲು ತಾಲ್ಲೂಕಿನ ಆವನಿಯನ್ನು ನಿಮ್ಮಲ್ಲಿ ಕೆಲವರಾದರೂ ನೋಡಿರುತ್ತೀರಿ. ಬೆಟ್ಟದ ಕೆಳಗೆ ನೊಳಂಬರ ಕಾಲದ ರಾಮಲಿಂಗೇಶ್ವರ ದೇವಾಲಯಗಳ ಗುಂಪು, ಮೇಲೆ ಸೀತೆಯ ಗುಡಿ. ವಾಲ್ಮೀಕಿಯ ಆಶ್ರಮ ಇದ್ದದ್ದು ಇಲ್ಲೇ, ಲವಕುಶರು ಹುಟ್ಟಿದ್ದು ಈ ಬಂಡೆಗಳ ನಡುವೆ ಎಂದು ಊರಿನವರು ಜಾಗ ತೋರಿಸಿ ಹೇಳುತ್ತಾರೆ. ಇತಿಹಾಸಕಾರರು ಒಪ್ಪುತ್ತಾರೋ ಇಲ್ಲವೋ, ನನಗೆ ಮುಖ್ಯವಾದ ಸಂಗತಿ ಬೇರೆ ಇದೆ. ರಾಮಾಯಣದ ಮೊದಲಲ್ಲಿ ವಾಲ್ಮೀಕಿಗೆ ರಾಮನ ಕತೆಯನ್ನು ನಾರದ ಹೇಳುತ್ತಾನೆ. ಕತೆ ಪೂರ್ತಿ ಕೈಗೆ ಬಂದಿದೆ, ಆದರೂ ಕಾವ್ಯ ಹುಟ್ಟುವುದಿಲ್ಲ. ಆಮೇಲೆ ನದಿಗೆ ಸ್ನಾನಕ್ಕೆ ಹೋದಾಗ ಬೇಡ ಹೊಡೆದ ಬಾಣಕ್ಕೆ ಗಂಡು ಕ್ರೌಂಚ ಬೀಳುತ್ತದೆ. ಹೆಣ್ಣು ಹಕ್ಕಿ ಗೋಳಾಡುತ್ತದೆ. ಆ ಕೂಗು ಕೇಳಿದ ಮೇಲೆ ವಾಲ್ಮೀಕಿಯ ಬಾಯಲ್ಲಿ ಶ್ಲೋಕ ಬರುತ್ತದೆ. ಈ ಘಟ್ಟವನ್ನು ಹೇಳುವವರು ಸಾಮಾನ್ಯವಾಗಿ ಹಕ್ಕಿಯನ್ನು ನೆನೆದು ನಾರದನನ್ನು ಬಿಟ್ಟುಬಿಡುತ್ತಾರೆ. ನನ್ನ ಲೆಕ್ಕದಲ್ಲಿ ಇಬ್ಬರೂ ಬೇಕು. ಮೊದಲು ಯಾರೋ ಹೇಳಿದ ಕತೆ ಒಳಗೆ ಕೂತಿರಬೇಕು. ಆಮೇಲೆ ಅದಕ್ಕೆ ಸಂಬಂಧವೇ ಇಲ್ಲದ ಒಂದು ಸಂಕಟ ಕಿವಿಗೆ ಬೀಳಬೇಕು. ಎರಡೂ ಸೇರಿದ ದಿನ ಬರೆಯದೆ ಇರಲಾಗುವುದಿಲ್ಲ. ಬರೀ ಕತೆ ಗೊತ್ತಿದ್ದವನು ಹರಿಕಥೆ ಹೇಳಬಹುದು, ಬರೀ ಸಂಕಟ ಕಂಡವನು ಅತ್ತು ಸುಮ್ಮನಾಗಬಹುದು.

ಇನ್ನು ಮಾಸ್ತಿಯವರ ವಿಷಯ. ಮಾಲೂರು ತಾಲ್ಲೂಕಿನ ಹುಂಗೇನಹಳ್ಳಿಯಲ್ಲಿ 1891ರಲ್ಲಿ ಹುಟ್ಟಿದರು. ಮನೆಮಾತು ತಮಿಳು. ಮದ್ರಾಸಿನಲ್ಲಿ ಇಂಗ್ಲಿಷ್ ಎಂ.ಎ. ಮಾಡಿ, ಮೈಸೂರು ಸಂಸ್ಥಾನದ ಸಿವಿಲ್ ಸೇವೆಗೆ ಸೇರಿ, ಊರಿಂದೂರಿಗೆ ವರ್ಗವಾಗುತ್ತ 1943ರವರೆಗೆ ಅಧಿಕಾರಿಯಾಗಿದ್ದರು. ಆ ಕಚೇರಿ ಕೆಲಸದ ನಡುವೆಯೇ ಕನ್ನಡದ ಸಣ್ಣಕತೆಗೆ ಒಂದು ದಾರಿ ಹಾಕಿಕೊಟ್ಟರು. 'ಕೆಲವು ಸಣ್ಣ ಕಥೆಗಳು' ಬಂದದ್ದು 1920ರಲ್ಲಿ. ಮಾಸ್ತಿಯವರ ಕತೆಗಳನ್ನು ಸಾಲಾಗಿ ಓದುತ್ತ ಹೋದರೆ ಒಂದು ಸಂಗತಿ ಮತ್ತೆ ಮತ್ತೆ ಕಾಣುತ್ತದೆ. ಕತೆಯನ್ನು ಯಾರೋ ಯಾರಿಗೋ ಹೇಳುತ್ತಿರುತ್ತಾರೆ. ಲೇಖಕ ಪಕ್ಕದಲ್ಲಿ ಕೂತು ಕೇಳಿಸಿಕೊಂಡವನ ಹಾಗೆ ಇರುತ್ತಾನೆ.

'ಮೊಸರಿನ ಮಂಗಮ್ಮ'ನನ್ನೇ ನೋಡಿ. ಹಳ್ಳಿಯಿಂದ ಪೇಟೆಗೆ ಮೊಸರು ತರುವ ಹೆಂಗಸು. ವರ್ತನೆಯ ಮನೆಯ ಗೃಹಿಣಿಯ ಹತ್ತಿರ ಮೊಸರು ಅಳೆದುಕೊಟ್ಟು, ಕೂತು, ಎರಡು ಮಾತಾಡಿ ಹೋಗುತ್ತಾಳೆ. ಸೊಸೆ ಮೊಮ್ಮಗನನ್ನು ಹೊಡೆದಳೆಂದು ಜಗಳ. ಜಗಳ ಬೆಳೆದು ಬೇರೆ ಒಲೆ. ದುಡಿದದ್ದನ್ನೆಲ್ಲ ಯಾರಿಗೆ ಇಡಬೇಕು ಎಂಬ ರೊಚ್ಚಿನಲ್ಲಿ ಈ ವಯಸ್ಸಾದ ಹೆಂಗಸು ತನಗೊಂದು ಮಖಮಲ್ಲಿನ ರವಿಕೆ ಹೊಲಿಸಿಕೊಳ್ಳುತ್ತಾಳೆ. ಆ ರವಿಕೆಯ ಮುಂದೆ ನಾನು ಪ್ರತಿ ಸಲ ನಿಂತುಬಿಡುತ್ತೇನೆ. ಇಡೀ ಬಾಳಿನಲ್ಲಿ ತನಗೆಂದು ಏನೂ ಮಾಡಿಕೊಳ್ಳದ ಒಬ್ಬಳ ಸಿಟ್ಟು, ಆಸೆ, ನಾಚಿಕೆ ಎಲ್ಲ ಅಲ್ಲಿದೆ. ಇಂಥ ವಿವರವನ್ನು ಬಾಗಿಲಲ್ಲಿ ಕೂತ ಹೆಂಗಸು ಇನ್ನೊಬ್ಬ ಹೆಂಗಸಿಗೆ ಹೇಳುತ್ತಾಳೆ, ಅದೂ ಇಬ್ಬರಿಗೂ ಬಿಡುವಿರುವ ಹೊತ್ತಿನಲ್ಲಿ. ಕತೆಯನ್ನು ಆ ಗೃಹಿಣಿಯ ಬಾಯಲ್ಲೇ ಇಟ್ಟದ್ದು ಮಾಸ್ತಿಯವರ ದೊಡ್ಡತನ. ಇಂಥ ಮಾತು ಯಾರ ಕಿವಿಗೆ ಬೀಳುತ್ತದೆ ಎಂಬುದು ಅವರಿಗೆ ಚೆನ್ನಾಗಿ ಗೊತ್ತಿತ್ತು.

ಡಿ.ವಿ.ಜಿ. ಮುಳಬಾಗಿಲಿನವರು, ಹುಟ್ಟಿದ್ದು 1887ರಲ್ಲಿ. ಅವರ ಕಗ್ಗವನ್ನು ನಾವು ಗೋಡೆಯ ಮೇಲೂ ಕ್ಯಾಲೆಂಡರಿನ ಮೇಲೂ ಬರೆದಿಟ್ಟುಕೊಂಡಿದ್ದೇವೆ. ಅದರ ಪಕ್ಕದಲ್ಲಿ 'ಜ್ಞಾಪಕ ಚಿತ್ರಶಾಲೆ'ಯನ್ನೂ ಇಟ್ಟು ಓದಬೇಕೆಂದು ನನ್ನ ಬಿನ್ನಹ. ಹೆಸರಾಂತ ದಿವಾನರ ಪಕ್ಕದಲ್ಲೇ ಪುರೋಹಿತರು, ಸಂಗೀತಗಾರರು, ಯಾವ ಚರಿತ್ರೆಯಲ್ಲೂ ಹೆಸರು ಬಾರದ ಸಾಮಾನ್ಯರು ಅಲ್ಲಿ ಕಾಣಿಸಿಕೊಳ್ಳುತ್ತಾರೆ. ಅವರಾಡಿದ ಮಾತು ಅವರದೇ ಧಾಟಿಯಲ್ಲಿದೆ. ಬಾಲ್ಯದಲ್ಲಿ ಕೇಳಿದ್ದನ್ನು ಮುಪ್ಪಿನಲ್ಲಿ ಅಷ್ಟು ಸ್ಪಷ್ಟವಾಗಿ ಬರೆಯುವುದು ನೆನಪಿನ ಶಕ್ತಿ ಮಾತ್ರದಿಂದ ಆಗುವ ಕೆಲಸವಲ್ಲ, ಜನರ ಮೇಲೆ ಪ್ರೀತಿ ಇರಬೇಕು.

ಡಿ.ವಿ.ಜಿ.ಯವರಲ್ಲಿ ಕಣ್ಣಿನಿಂದ ಬಂದ ಪ್ರೇರಣೆಯೂ ಇದೆ. ಅದನ್ನು ಮುಚ್ಚಿಟ್ಟು ವಾದ ಮಾಡಿದರೆ ಸರಿಯಾಗುವುದಿಲ್ಲ. 'ಅಂತಃಪುರ ಗೀತೆ' ಹುಟ್ಟಿದ್ದು ಬೇಲೂರಿನ ಚೆನ್ನಕೇಶವ ದೇವಾಲಯದ ಮದನಿಕೆಯರನ್ನು ನೋಡಿ. ಕಂಬದ ಮೇಲೆ ಓರೆಯಾಗಿ ನಿಂತ ಆ ಕಲ್ಲಿನ ಹೆಂಗಳೆಯರನ್ನು ಎಷ್ಟು ಜನ ನೋಡಿಲ್ಲ! ಎಂಟು ನೂರು ವರ್ಷ ನೋಡಿದ್ದಾರೆ. ಡಿ.ವಿ.ಜಿ.ಯವರು ಆ ಹೆಂಗಳೆಯರಿಗೆ ರಾಗ ಕೊಟ್ಟರು. ಕನ್ನಡಿ ಹಿಡಿದವಳು, ಗಿಣಿಯೊಡನೆ ಮಾತಾಡುವವಳು ಏನು ಹಾಡಿಕೊಂಡಿದ್ದಾಳೆ ಎಂದು ಕಿವಿಗೊಟ್ಟು ಕೇಳಿದವರು ಅವರು. ಕಂಡದ್ದು ಹಾಡಾಗಬೇಕಾದರೆ ಅದೂ ಒಮ್ಮೆ ಕಿವಿಯ ಮೂಲಕ ಹಾದುಬರಬೇಕಾಯಿತು.

ಈಗ ರಾಯಲ್ಪಾಡಿಗೆ ಬರೋಣ. ನಮ್ಮ ಹೋಬಳಿಯ ಬಹುಪಾಲು ಮನೆಗಳಲ್ಲಿ ಮಾತು ತೆಲುಗು. ಶಾಲೆಯಲ್ಲಿ ಕನ್ನಡ. ಮಾವಿನ ಕಾಲಕ್ಕೆ ಶ್ರೀನಿವಾಸಪುರದ ಮಂಡಿಗೆ ಹೋದರೆ ಈ ಎರಡರ ಜೊತೆಗೆ ಉರ್ದು. ಇಲ್ಲಿ ಹುಟ್ಟಿದ ಮಗು ಅಜ್ಜಿಯಿಂದ ಕತೆ ಕೇಳುವುದು ತೆಲುಗಿನಲ್ಲಿ, ಬರೆಯಲು ಕಲಿಯುವುದು ಕನ್ನಡದಲ್ಲಿ. ಇದನ್ನು ಕೊರತೆ ಎಂದು ಕೆಲವರು ಮರುಗುತ್ತಾರೆ. ಪೇಟೆಯ ಹುಡುಗರ ಮುಂದೆ ನಮ್ಮ ಕನ್ನಡ ತಡವರಿಸುತ್ತದೆ ಎಂಬ ಅಂಜಿಕೆ ನಮ್ಮ ಮಕ್ಕಳಿಗೂ ಇದೆ. ಆದರೆ ಅಜ್ಜಿ ಹೇಳಿದ್ದನ್ನು ಬರೆಯಲು ಕೂತ ಹುಡುಗ ಪ್ರತಿ ಸಾಲಿನಲ್ಲೂ ನಿಲ್ಲಬೇಕಾಗುತ್ತದೆ. ಅಜ್ಜಿ ಬೈದ ಬೈಗುಳವನ್ನು ಹೇಗೆ ಬರೆಯುವುದು, ಅವಳ ರಾಗವನ್ನು ಎಲ್ಲಿ ಇಡುವುದು ಎಂದು ಯೋಚಿಸಬೇಕಾಗುತ್ತದೆ. ಸಿದ್ಧ ಮಾತು ಕೈಗೆ ಸಿಗುವುದಿಲ್ಲ. ಹಾಗೆ ನಿಂತು ಹುಡುಕುವ ಹೊತ್ತಿನಲ್ಲೇ ಬರವಣಿಗೆ ಶುರುವಾಗುತ್ತದೆ ಎಂದು ನಾನು ನಂಬಿದ್ದೇನೆ. ಬೇಂದ್ರೆಯವರ ಮನೆಮಾತು ಮರಾಠಿ. ಪು.ತಿ.ನ. ಅವರದು, ಕೈಲಾಸಂ ಅವರದು, ಮಾಸ್ತಿಯವರ ಹಾಗೆ ತಮಿಳು. ಇವರ ಕನ್ನಡಕ್ಕೆ ಏನು ಕಡಿಮೆಯಾಯಿತು?

ನಮ್ಮದೇ ಸೀಮೆಯ ಕೈವಾರದ ತಾತಯ್ಯನವರು, ಯೋಗಿ ನಾರೇಯಣರು, ತೆಲುಗಿನಲ್ಲೂ ಕನ್ನಡದಲ್ಲೂ ಹಾಡಿದವರು. ಹದಿನೆಂಟನೆಯ ಶತಮಾನದವರು. ಬಳೆ ಮಾರುವ ವೃತ್ತಿ. ಬಳೆಗಾರನಿಗೆ ಯಾವ ಮನೆಯ ಜಗುಲಿಯೂ ಹೊರಗಲ್ಲ. ಕೈಗೆ ಬಳೆ ಏರಿಸುವಷ್ಟು ಹೊತ್ತು ಅವನ ಮುಂದೆ ಕೂತ ಹೆಂಗಸರು ತವರಿನದೋ ಗಂಡನದೋ ಮಾತೆತ್ತದೆ ಇರುತ್ತಾರೆಯೇ? ತತ್ವಪದದಲ್ಲಿ ಸಂಸಾರದ ಚಿತ್ರ ಅಷ್ಟು ಹತ್ತಿರದಿಂದ ಬರುವುದಕ್ಕೆ ಈ ತಿರುಗಾಟವೂ ಕಾರಣವಿರಬೇಕೆಂದು ನನ್ನ ಊಹೆ. ಇವತ್ತಿಗೂ ನಮ್ಮ ಹಳ್ಳಿಗಳ ಭಜನೆ ಮಂಡಲಿಗಳಲ್ಲಿ ತಾತಯ್ಯನವರ ಪದದ ಹಿಂದೆಯೇ ವೇಮನನ ಪದ್ಯ ಬರುತ್ತದೆ. ಯಾವುದು ಯಾವ ಭಾಷೆ ಎಂದು ಹಾಡುವವರು ವಿಂಗಡಿಸುವುದಿಲ್ಲ.

ರಾಯಲ್ಪಾಡಿನ ಆಚೆ, ಗಡಿ ದಾಟಿದರೆ ಮದನಪಲ್ಲಿ. ನಮ್ಮವರು ಆಸ್ಪತ್ರೆಗೆ, ಬಟ್ಟೆಬರೆಗೆ, ಟೊಮೆಟೊ ಮಾರಲು ಹೋಗುವ ಊರು. 1919ರ ಫೆಬ್ರವರಿಯಲ್ಲಿ ರವೀಂದ್ರನಾಥ ಟಾಗೋರರು ಅಲ್ಲಿನ ಥಿಯಸಾಫಿಕಲ್ ಕಾಲೇಜಿನಲ್ಲಿ ಕೆಲವು ದಿನ ಇದ್ದರು. 1911ರಲ್ಲೇ ಬರೆದಿದ್ದ 'ಜನಗಣಮನ'ವನ್ನು ವಿದ್ಯಾರ್ಥಿಗಳ ಮುಂದೆ ಹಾಡಿ, ಅಲ್ಲೇ ಅದನ್ನು ತಮ್ಮ ಕೈಯಾರೆ ಇಂಗ್ಲಿಷಿಗೆ ತಂದರು. ಕಾಲೇಜಿನ ಪ್ರಾಂಶುಪಾಲರಾಗಿದ್ದ ಐರಿಷ್ ಕವಿ ಜೇಮ್ಸ್ ಕಸಿನ್ಸ್ ಅವರ ಪತ್ನಿ ಮಾರ್ಗರೆಟ್ ಆ ಹಾಡಿನ ಧಾಟಿಯನ್ನು ಕೇಳಿ ಸ್ವರಲಿಪಿಗೆ ಇಳಿಸಿದರು. ಇದೇ ಜೇಮ್ಸ್ ಕಸಿನ್ಸ್ 1924ರಲ್ಲಿ ಮೈಸೂರಿಗೆ ಬಂದಿದ್ದಾಗ, ಇಂಗ್ಲಿಷಿನಲ್ಲಿ ಕವಿತೆ ಬರೆದುಕೊಂಡು ಬಂದ ಒಬ್ಬ ಮಲೆನಾಡಿನ ಹುಡುಗನಿಗೆ ನಿನ್ನ ಭಾಷೆಯಲ್ಲಿ ಬರೆ ಎಂದು ಹೇಳಿದರು. ಆ ಹುಡುಗ ಕುವೆಂಪು. ಮೊದಲಿಗೆ ಅವರಿಗೆ ನಿರಾಶೆಯೇ ಆಯಿತು. ಆದರೆ ಮಾತು ಒಳಗೆ ಕೂತಿತು, ಕನ್ನಡದ ಕಡೆ ತಿರುಗಿಸಿತು. ಕವಿಶೈಲ ಮೊದಲೇ ಇತ್ತು, ಮಳೆಯೂ ಕಾಡೂ ಇದ್ದವು. ಅವೆಲ್ಲ ಕನ್ನಡದಲ್ಲಿ ಬರಬೇಕಾದರೆ ಯಾರೋ ಒಬ್ಬರು ಒಂದು ಮಾತು ಹೇಳಬೇಕಾಗಿತ್ತು. ಹೇಳಿದವರು ನಮ್ಮ ಪಕ್ಕದ ಊರಿನಲ್ಲಿ ಪಾಠ ಮಾಡಿಕೊಂಡಿದ್ದವರು ಎಂದು ನೆನೆದರೆ ನನಗೆ ಹೆಮ್ಮೆಯಾಗುತ್ತದೆ.

ಇನ್ನು ನನ್ನ ಕಿವಿಗೇ ಬಿದ್ದದ್ದನ್ನು ಹೇಳುತ್ತೇನೆ. ಗಡಿಯ ಎರಡೂ ಬದಿಯಲ್ಲಿ ದ್ರೌಪದಮ್ಮನ ಜಾತ್ರೆ ನಡೆಯುತ್ತದೆ. ಕೋಲಾರದಲ್ಲಿ, ಮಾಲೂರಿನಲ್ಲಿ ಕರಗ. ಚಿತ್ತೂರಿನ ಕಡೆ ಅದಕ್ಕೆ ಭಾರತ ಎಂದೇ ಹೆಸರು. ದಿನಗಟ್ಟಲೆ ಹಗಲು ಹರಿಕಥೆ, ರಾತ್ರಿ ಬೆಳಗಾಗುವವರೆಗೆ ನಾಟಕ. ಅದರಲ್ಲಿ ಅರ್ಜುನ ಪಾಶುಪತಾಸ್ತ್ರಕ್ಕಾಗಿ ತಪಸ್ಸಿಗೆ ಹೋಗುವ ದಿನ ಬಯಲಲ್ಲಿ ಒಂದು ಎತ್ತರದ ಕಂಬ ನೆಟ್ಟಿರುತ್ತಾರೆ. ಅರ್ಜುನನ ವೇಷದವನು ಒಂದೊಂದೇ ಮೆಟ್ಟಿಲಿಗೆ ಒಂದೊಂದು ಪದ್ಯ ಹಾಡುತ್ತ ಏರಬೇಕು. ಕೆಳಗೆ ಮಕ್ಕಳಿಲ್ಲದ ಹೆಂಗಸರು ಉಪವಾಸವಿದ್ದು, ಒದ್ದೆ ಸೀರೆಯಲ್ಲಿ ಮಲಗಿ ಕಾಯುತ್ತಾರೆ. ತುದಿ ಮುಟ್ಟಿದ ಅರ್ಜುನ ಅಲ್ಲಿಂದ ನಿಂಬೆಹಣ್ಣು, ವಿಭೂತಿ ಎಸೆಯುತ್ತಾನೆ. ಅದು ಮಡಿಲಿಗೆ ಬಿದ್ದರೆ ಮಗುವಾಗುತ್ತದೆ ಎಂಬ ನಂಬಿಕೆ.

ನಾನು ಆ ಕಂಬದ ಬುಡದಲ್ಲಿ ನಿಂತು ಕೇಳಿದ್ದೇನೆ. ಮೊದಲ ಮೆಟ್ಟಿಲುಗಳಲ್ಲಿ ಪದ್ಯ ತುಂಬುಗಂಟಲಿನಲ್ಲಿ ಬರುತ್ತದೆ, ರಾಗ ಎಳೆದು ಎಳೆದು ನಿಲ್ಲುತ್ತದೆ. ಅರ್ಧ ಏರುವ ಹೊತ್ತಿಗೆ ಉಸಿರು ಸಾಲದು. ಪಾದ ಮುಗಿಯುವ ಮೊದಲೇ ಸಾಲು ಕಡಿದುಹೋಗುತ್ತದೆ. ಅಲ್ಲೊಂದು ನಿಲುಗಡೆ, ಮತ್ತೆ ಎರಡು ಮಾತು. ಮೇಲಿನ ಮೆಟ್ಟಿಲುಗಳಲ್ಲಿ ಹಾಡು ಹೋಗಿ ಬರೀ ಕೂಗು ಉಳಿದಿರುತ್ತದೆ. ಆ ಕೂಗಿಗೇ ಕೆಳಗಿನ ಹೆಂಗಸರು ಸೆರಗೊಡ್ಡುತ್ತಾರೆ. ಛಂದಸ್ಸಿನ ಪುಸ್ತಕ ನಾನು ಆಮೇಲೆ ಓದಿದೆ. ಆದರೆ ಸಾಲು ಎಲ್ಲಿ ಮುರಿಯಬೇಕು, ಮುರಿದರೆ ಏನಾಗುತ್ತದೆ ಎಂಬುದನ್ನು ಹಗಲು ಹೊಲ ಉಳುವ, ರಾತ್ರಿ ಅರ್ಜುನನಾಗುವ ಆ ಮನುಷ್ಯನ ಎದೆಯುಸಿರಿನಿಂದ ಕಲಿತೆ. ನಾನು ಬರೆದ ಕವಿತೆಗಳಲ್ಲಿ ನನಗೇ ಇಷ್ಟವಾದ ಕೆಲವು ಸಾಲುಗಳು ಆ ಕಂಬಕ್ಕೆ ಸಲ್ಲಬೇಕು.

ದ್ರೌಪದಿಯ ಮಾತು ಬಂದದ್ದರಿಂದ ಇನ್ನೊಂದು ಸಂಗತಿ. ಎಸ್.ಎಲ್. ಭೈರಪ್ಪನವರು 1979ರಲ್ಲಿ 'ಪರ್ವ' ಪ್ರಕಟಿಸುವುದಕ್ಕೆ ಮೊದಲು ಹಿಮಾಲಯದ ಕಡೆ, ಒಬ್ಬಳು ಹೆಂಗಸು ಒಂದು ಮನೆಯ ಅಣ್ಣತಮ್ಮಂದಿರನ್ನೆಲ್ಲ ಮದುವೆಯಾಗುವ ರೂಢಿಯಿರುವ ಜನರ ನಡುವೆ ಹೋಗಿ ಬಂದರು. ಮಹಾಭಾರತದ ಪಾಠ ಅವರಿಗೆ ಗೊತ್ತಿಲ್ಲದೆ ಏನಲ್ಲ. ಆದರೂ ಆ ಬದುಕನ್ನು ಬಾಳುತ್ತಿರುವವರ ಬಾಯಿಂದ ಕೇಳಬೇಕೆನಿಸಿತು. ನಾರದನ ಕತೆಯ ಜೊತೆಗೆ ಹಕ್ಕಿಯ ಕೂಗು ಬೇಕು ಎಂದೆನಲ್ಲ, ಕೆಲವರು ಆ ಕೂಗನ್ನು ಹುಡುಕಿಕೊಂಡು ಅಷ್ಟು ದೂರ ಹೋಗುತ್ತಾರೆ.

ಇಲ್ಲಿ ನಾನು ಒಂದು ಕಠಿಣವಾದ ಮಾತು ಹೇಳಲೇಬೇಕು. ಕಿವಿಯಿಂದ ಬರುತ್ತದೆ ಎಂದಾಗ ಯಾರ ಕಿವಿ, ಎಲ್ಲಿ ಕೂತ ಕಿವಿ ಎಂಬ ಪ್ರಶ್ನೆ ಏಳುತ್ತದೆ. ಮಂಗಮ್ಮ ಬಾಗಿಲಿನವರೆಗೆ ಬಂದು ಕೂರಬಲ್ಲಳು. ಬಾಗಿಲಿನವರೆಗೂ ಬರಗೊಡದ ಜನರ ಮಾತು ಜಗುಲಿಯ ಮೇಲೆ ಕೂತವರಿಗೆ ಕೇಳಿಸಲಿಲ್ಲ, ಬಹಳ ಕಾಲ ಕೇಳಿಸಲಿಲ್ಲ. ಕಾರಂತರ 'ಚೋಮನ ದುಡಿ' 1933ರಲ್ಲಿ ಬಂದಾಗ ಕೂಡ ಚೋಮನ ಸಂಕಟವನ್ನು ಇನ್ನೊಬ್ಬರು ಕೇಳಿ ಬರೆಯಬೇಕಾಯಿತು. ಸಿದ್ಧಲಿಂಗಯ್ಯನವರ 'ಹೊಲೆಮಾದಿಗರ ಹಾಡು' 1975ರಲ್ಲಿ ಬಂದ ಮೇಲೆ ಆ ಅಗತ್ಯ ಮುಗಿಯಿತು. ಆಗ ಕೋಲಾರ ಜಿಲ್ಲೆ ದಲಿತ ಸಂಘರ್ಷ ಸಮಿತಿಯ ಗಟ್ಟಿ ನೆಲೆಯಾಗಿತ್ತು. ಆ ದಿನಗಳ ಹಾಡುಗಳಿಗೆ ಕವಿ ಹುಣ್ಣಿಮೆಗೋ ಹದವಾದ ಮನಸ್ಸಿಗೋ ಕಾಯಲಿಲ್ಲ. ಬೆಳಿಗ್ಗೆ ಒಂದು ಕೇರಿಯಲ್ಲಿ ಹಲ್ಲೆಯಾದರೆ ಸಂಜೆಯ ಸಭೆಗೆ ಹಾಡು ಬೇಕಿತ್ತು. ತಮಟೆ ಕಾಯಿಸುವಷ್ಟರಲ್ಲಿ ಪಲ್ಲವಿ ಸಿದ್ಧವಾಗಬೇಕಿತ್ತು. 2000ದ ಮಾರ್ಚಿನಲ್ಲಿ, ಆಗ ನಮ್ಮ ಜಿಲ್ಲೆಯದೇ ಆಗಿದ್ದ ಚಿಂತಾಮಣಿ ತಾಲ್ಲೂಕಿನ ಕಂಬಾಲಪಲ್ಲಿಯಲ್ಲಿ ಏಳು ಮಂದಿ ದಲಿತರನ್ನು ಜೀವಂತ ಸುಟ್ಟರು. ಅದಾದ ಮೇಲೆ ಈ ಜಿಲ್ಲೆಯಲ್ಲಿ ಕೂತು ಹೂವು ಹಣ್ಣಿನ ಕವಿತೆ ಬರೆಯಲು ಕೈ ಬರಲಿಲ್ಲ ಎಂದವರು ನನಗೆ ಗೊತ್ತು. ಅವರ ಮೌನವನ್ನೂ ನಾನು ಗೌರವಿಸುತ್ತೇನೆ.

ಕವಿ ಕೋಟಿಗಾನಹಳ್ಳಿ ರಾಮಯ್ಯನವರು ಮತ್ತು ಅವರ ಸಂಗಾತಿಗಳು ಕೋಲಾರದ ಪಕ್ಕದ ತೇರಹಳ್ಳಿ ಬೆಟ್ಟದ ಮೇಲೆ ಆದಿಮ ಎಂಬ ಸಾಂಸ್ಕೃತಿಕ ಕೇಂದ್ರವನ್ನು ಕಟ್ಟಿ, ಹುಣ್ಣಿಮೆಯ ರಾತ್ರಿಗಳಲ್ಲಿ ಹುಣ್ಣಿಮೆ ಹಾಡು ಎಂಬ ಕೂಟ ನಡೆಸಿದರು. ಬಂಡೆಗಳ ನಡುವೆ ಜನ ಕೂರುತ್ತಾರೆ. ತತ್ವಪದ, ನಾಟಕ, ಹೋರಾಟದ ಹಾಡು, ತಮಟೆ ಎಲ್ಲ ಒಂದೇ ರಾತ್ರಿ. ಕೆಳಗಿನ ಹಳ್ಳಿಗಳಿಂದ ಬಂದವರು, ಬೆಂಗಳೂರಿನಿಂದ ಬಂದವರು ಪಕ್ಕಪಕ್ಕದಲ್ಲೇ ಕೇಳುತ್ತಾರೆ. ಬರೆಯುವ ಆಸೆಯಿರುವ ಹುಡುಗಿಗೆ ಇಂಥ ಒಂದು ರಾತ್ರಿ ಕೊಡುವುದನ್ನು ವರ್ಷದ ಪಠ್ಯಪುಸ್ತಕ ಕೊಡಲಾರದು.

ಹಾಗಾದರೆ ರಾಯಲ್ಪಾಡಿನಲ್ಲಿ ಈಗ ಕಿವಿಗೆ ಬೀಳುತ್ತಿರುವುದೇನು? ಬೇಸಿಗೆಯಲ್ಲಿ ತೋಪು ಕಾಯುವವರು ರಾತ್ರಿಯೆಲ್ಲ ಎದ್ದಿರುತ್ತಾರೆ. ಹೂವು ಬಿಟ್ಟಾಗಲೇ ಫಸಲು ಕೊಂಡ ವ್ಯಾಪಾರಿ, ಆಲಿಕಲ್ಲು ಬಿದ್ದ ಮರುದಿನ ತೋಟದವನ ಮನೆಯ ಮುಂದೆ ಬಂದು ನಿಂತು ಏನು ಮಾತಾಡುತ್ತಾನೆ? ಇಬ್ಬರೂ ಸೋತವರೇ. ಅವರ ಮಾತಿನಲ್ಲಿ ಒಂದು ನಾಟಕ ಪೂರ್ತಿ ಇದೆ. ತೋತಾಪುರಿ ಕಾಯಿ ಲಾರಿ ತುಂಬಿ ಚಿತ್ತೂರಿನ ತಿರುಳಿನ ಕಾರ್ಖಾನೆಗಳಿಗೆ ಹೋಗುತ್ತದೆ. ಬೆಲೆ ಬಿದ್ದ ವರ್ಷ ಅದನ್ನೇ ರಸ್ತೆಗೆ ಸುರಿಯುತ್ತಾರೆ. ಕೊಳವೆಬಾವಿ ಕೊರೆಯಲು ತಮಿಳುನಾಡಿನಿಂದ ಬರುವ ಹುಡುಗರು ತೋಟದಲ್ಲೇ ಅಡುಗೆ ಮಾಡಿಕೊಂಡು ಎರಡು ರಾತ್ರಿ ಇದ್ದು, ನೀರು ಬಂದರೂ ಬಾರದಿದ್ದರೂ ಮುಂದಿನ ಊರಿಗೆ ಹೋಗುತ್ತಾರೆ. ರಿಗ್ಗು ನಿಂತ ಮೇಲೆ ಮನೆಯೊಡತಿ ಅವರಿಗೆ ಊಟ ಬಡಿಸುತ್ತಾಳೆ, ನೀರು ಬಾರದ ದಿನವೂ ಬಡಿಸುತ್ತಾಳೆ. ಆ ಊಟದ ಹೊತ್ತಿನಲ್ಲಿ ಆಡುವ ಮಾತನ್ನು ಯಾರಾದರೂ ಬರೆಯಬೇಕು.

ನಮ್ಮ ಜಿಲ್ಲೆಯದೇ ಆದ ಕೆ.ಜಿ.ಎಫ್. ಚಿನ್ನದ ಗಣಿ 2001ರಲ್ಲಿ ಮುಚ್ಚಿತು. ಗಣಿ ಕೆಲಸದವರ ಮಕ್ಕಳು ಮೊಮ್ಮಕ್ಕಳು ಬೆಳಕು ಹರಿಯುವ ಮೊದಲೇ ರೈಲು ಹತ್ತಿ ಬೆಂಗಳೂರಿಗೆ ದುಡಿಯಲು ಹೋಗುತ್ತಾರೆ. ಬಂಗಾರಪೇಟೆ, ಮಾಲೂರಿನಲ್ಲಿ ನಮ್ಮವರೂ ಹತ್ತುತ್ತಾರೆ. ಒಂದು ಡಬ್ಬಿಯಲ್ಲಿ ತಮಿಳು, ತೆಲುಗು, ಕನ್ನಡ, ಉರ್ದು ಎಲ್ಲ ಸೇರಿ ನಿಂತೇ ಪ್ರಯಾಣ. ಮಾಸ್ತಿಯವರು ಇವತ್ತು ಇದ್ದಿದ್ದರೆ ಕತೆಗಾಗಿ ಆ ರೈಲನ್ನೇ ಹತ್ತುತ್ತಿದ್ದರು ಎಂದು ನನಗೆ ಗಟ್ಟಿಯಾಗಿ ಅನ್ನಿಸುತ್ತದೆ. ಅವರು ಇಲ್ಲ. ಆದರೆ ದಿನಾ ಆ ರೈಲಿನಲ್ಲೇ ಹೋಗುವ, ಫೋನಿನಲ್ಲಿ ನಾಲ್ಕು ಸಾಲು ಬರೆದು ಯಾರಿಗೂ ತೋರಿಸದೆ ಇಟ್ಟುಕೊಂಡಿರುವ ಹುಡುಗ ಹುಡುಗಿಯರು ಇದ್ದಾರೆ. ಅವರಲ್ಲಿ ಯಾರಾದರೂ ಈ ಮಾತು ಕೇಳುತ್ತಿದ್ದರೆ, ಆ ನಾಲ್ಕು ಸಾಲನ್ನು ಅಳಿಸಬೇಡಿ. ಪಕ್ಕದಲ್ಲಿ ನಿಂತವರು ನಿನ್ನೆ ಅರ್ಧಕ್ಕೆ ಬಿಟ್ಟ ಮಾತೇನಿತ್ತೋ, ನಾಳೆ ಅದನ್ನು ಕೇಳಿ ಪೂರ್ತಿ ಮಾಡಿಕೊಳ್ಳಿ.